ಹನ್ನೊಂದಕ್ಕೆ ಎಂಟು ನಿಮಿಷ

ಊರಿಗೆಲ್ಲ ಮೈಕಿನಲ್ಲಿ ಸಾರಿದವನು ನಾನೇ. ಹಿಂದಿನ ದಿನ ಆಟೋದಲ್ಲಿ ಕೂತು ಓಣಿ ಓಣಿ ಸುತ್ತಿದ್ದೆ. "ನಾಳಿ ಹನ್ನೊಂದಕ್ಕ ಗೋಮಾಳದ ಕಡಿ ಹೊಗಿ ಕಾಣ್ತೈತಿ. ಅದು ಪಂಚಾಯ್ತಿಯೋರು ಹಚ್ಚಿದ್ದು, ಬೆಂಕಿ ಗಾಡಿ ಪರೀಕ್ಷಾ ಐತಿ. ಯಾರೂ ಗಾಬರಿ ಆಗಬ್ಯಾಡ್ರಿ, ಫೋನ್ ಮಾಡಬ್ಯಾಡ್ರಿ."

ನಾನು ಪಂಚಾಯಿತಿಯ ಬಿಲ್ ಕಲೆಕ್ಟರ್ ಜಂಬುನಾಥ. ಸಿರುಗುಪ್ಪದಿಂದ ಅಗ್ನಿಶಾಮಕ ಗಾಡಿ ನಮ್ಮೂರಿಗೆ ಬರಲು ಮುಕ್ಕಾಲು ಗಂಟೆ ಬೇಕು. ಅಷ್ಟರಲ್ಲಿ ಹುಲ್ಲಿನ ಬಣವೆ ಬೂದಿಯಾಗಿರುತ್ತದೆ. ಅದಕ್ಕೇ ಹೋದ ವರ್ಷ ಪಂಚಾಯಿತಿ ಒಂದು ಟ್ಯಾಂಕರ್, ಪಂಪು, ಪೈಪು ಕೊಂಡಿತು. ಮನೆ ಕಂದಾಯದ ಜೊತೆಗೆ ಮನೆಗೆ ಇನ್ನೂರು ರೂಪಾಯಿ ಹೆಚ್ಚು ಕಟ್ಟಬೇಕಾಯಿತು. ಜನ ಅದಕ್ಕೆ ಬೆಂಕಿ ತೆರಿಗೆ ಎಂದು ಹೆಸರಿಟ್ಟರು. ರಸೀದಿಯ ಹಿಂದೆ ನನ್ನ ಮೊಬೈಲ್ ನಂಬರು ಬರೆದು, "ಒಂದು ಫೋನ್ ಮಾಡ್ರಿ, ಹತ್ತು ನಿಮಿಷದಾಗ ನೀರು" ಎಂದು ಬಾಗಿಲು ಬಾಗಿಲಿಗೆ ಹೇಳಿದ್ದೆ.

ಮೊದಲು ಕಟ್ಟಿದವಳು ಹಂಪಮ್ಮ. ಗೋಮಾಳದ ಅಂಚಿಗೆ ಅವಳ ಮೆಣಸಿನಕಾಯಿ ಕಣ, ಅದರ ಪಕ್ಕಕ್ಕೇ ತಗಡಿನ ಮನೆ. ಒಬ್ಬಳೇ ಇರುತ್ತಾಳೆ.

"ನನ್ನ ಮನಿ ಊರ ಹೊರಗ ಐತಿ ತಮ್ಮಾ. ಕೂಗಿದ್ರ ಯಾರಿಗೂ ಕೇಳಂಗಿಲ್ಲ. ಈ ನಂಬರಿಗೆ ಮಾಡಿದ್ರ ಗಾಡಿ ಬರ್ತೈತಿ ಅಂದ್ರ ಕಟ್ತೀನಿ."

"ಬರ್ತೈತಕ್ಕಾ. ನಾನು ಅದೀನಿ."

ಕಟ್ಟದವನು ಗಾದಿಲಿಂಗಪ್ಪ. ಬಳ್ಳಾರಿ ಬ್ರೂಸ್‌ಪೇಟೆಯಲ್ಲಿ ಮೂವತ್ತು ವರ್ಷದ ಮೆಣಸಿನಕಾಯಿ ವ್ಯಾಪಾರ. ಪರೀಕ್ಷೆಯ ದಿನವೇ ಹನ್ನೆರಡಕ್ಕೆ ಗ್ರಾಮಸಭೆಯಿತ್ತು. ಪರೀಕ್ಷೆಯಲ್ಲಿ ಗಾಡಿ ತಡವಾದರೆ ತೆರಿಗೆ ರದ್ದು ಮಾಡಿ ಟ್ಯಾಂಕರ್ ಮಾರಬೇಕೆಂದು ಅವನು ಅರ್ಧ ಊರನ್ನು ಒಪ್ಪಿಸಿದ್ದ. ಪಂಚಾಯಿತಿ ಕಟ್ಟೆಯ ಮೇಲೆ ಕೈಗಡಿಯಾರ ಬಿಚ್ಚಿ ಮುಂದಿಟ್ಟುಕೊಂಡು ಕೂತಿದ್ದ.

"ಹನ್ನೊಂದು ಹೊಡಿಯೋಕಿಂತ ಮುಂಚೆ ಗಾಲಿ ಉರುಳಿದ್ರ ಲೆಕ್ಕಕ್ಕಿಲ್ಲಪಾ ಜಂಬುನಾಥ. ಮೋಸದಾಟ ನಡೆಯಂಗಿಲ್ಲ."

"ಒಂದು ಸೆಕೆಂಡೂ ಮುಂಚೆ ಹೊರಡಂಗಿಲ್ಲ ಸಾವ್ಕಾರ್ರ."

ಗೋಮಾಳದ ಒಣಹುಲ್ಲಿಗೆ ಹನ್ನೊಂದಕ್ಕೆ ಸರಿಯಾಗಿ ಬೆಂಕಿ ಹಚ್ಚಲು ಪಂಚಾಯಿತಿಯ ವಾಟರ್‌ಮ್ಯಾನ್ ಹೋಗಿದ್ದ. ಆ ಕಡೆ ಹೊಗೆ ಎದ್ದಿತು. ನನ್ನ ಮೊಬೈಲ್ ನೋಡಿದೆ. ಹನ್ನೊಂದಕ್ಕೆ ಇನ್ನೂ ಎಂಟು ನಿಮಿಷವಿತ್ತು. ಕಟ್ಟೆಯ ಮೇಲಿದ್ದವರೆಲ್ಲ ನಕ್ಕರು.

"ನಿಮ್ಮ ವಾಟರ್‌ಮ್ಯಾನ್‌ಗೆ ಬೀಡಿ ಹಚ್ಚೋ ಅವಸರ, ಹುಲ್ಲಿಗೂ ಹಚ್ಚಿಬಿಟ್ಟಾನ!" ಎಂದ ಒಬ್ಬ.

ನಾನೂ ನಕ್ಕೆ. ಡ್ರೈವರ್ ಓಬಳೇಶ ಟ್ಯಾಂಕರ್ ಎಳೆಯುವ ಟ್ರ್ಯಾಕ್ಟರ್ ಚಾಲೂ ಮಾಡಿ ನನ್ನ ಮುಖ ನೋಡಿದ. "ಹೋಗಲೇನಣ್ಣಾ?"

"ತಾಳಲೇ. ಟೈಮ್ ಆಗ್ಲಿ."

ಹೊಗೆ ದಪ್ಪವಾಯಿತು. ವಾಟರ್‌ಮ್ಯಾನ್‌ಗೆ ಫೋನ್ ಮಾಡಿದೆ. ಎತ್ತಲಿಲ್ಲ. ಮತ್ತೊಮ್ಮೆ ಮಾಡಿದೆ, ಇಲ್ಲ. ನನಗೆ ಬೇರೆ ಯಾರ ಫೋನೂ ಬಂದಿರಲಿಲ್ಲ. ಅದೇ ನನಗೆ ಧೈರ್ಯ. ಮಾಡಬೇಡಿ ಎಂದು ನಾನೇ ಸಾರಿದ್ದು ಆ ಹೊತ್ತಿಗೆ ನೆನಪಿಗೇ ಬರಲಿಲ್ಲ.

ಗಾಳಿ ನಮ್ಮ ಕಡೆ ತಿರುಗಿತು. ಗಾದಿಲಿಂಗಪ್ಪ ಒಂದು ಸೀನು ಸೀನಿದ. ಇನ್ನೊಂದು. ಮೂರನೆಯದಕ್ಕೆ ಎದ್ದು ನಿಂತ. ಮೂಗು ಎತ್ತಿ ಗಾಳಿಯನ್ನು ಎಳೆದುಕೊಂಡ.

"ಹುಲ್ಲಿನ ಹೊಗಿಗೆ ಸೀನು ಬರಂಗಿಲ್ಲಲೇ. ಇದು ಕಾಯಿ. ಒಣಗಿದ ಕಾಯಿ ಸುಡಾಕತ್ತೈತಿ!"

"ಸಾವ್ಕಾರ್ರ, ಇನ್ನೂ ಮೂರು ನಿಮಿಷ..."

"ಗಡಿಯಾರ ಹಾಳಾಗ್ಲಿ, ಹೊಡಿಲೇ ಗಾಡಿ!" ಎಂದವನೇ ಟ್ರ್ಯಾಕ್ಟರಿನ ಮಡ್ಗಾರ್ಡ್ ಮೇಲೆ ಹತ್ತಿ ಕೂತ. ನಾನು ಇನ್ನೊಂದು ಮಗ್ಗುಲಿಗೆ ಹತ್ತಿದೆ.

ದಾರಿ ಎರಡು ಕಿಲೋಮೀಟರು, ತುಂಬ ತಗ್ಗುಗುಂಡಿ. ತುಂಬಿದ ಟ್ಯಾಂಕರ್ ಹಿಂದಿನಿಂದ ನಮ್ಮನ್ನು ಎಳೆದಾಡುತ್ತಿತ್ತು. ಗೋಮಾಳದ ತಿರುವಿನಲ್ಲಿ ವಾಟರ್‌ಮ್ಯಾನ್ ಎದುರಿಗೆ ಓಡಿ ಬಂದ, ಕೈಯಲ್ಲಿ ಇನ್ನೂ ಗೀರದ ಕಡ್ಡಿಪೆಟ್ಟಿಗೆ. "ನಾನಲ್ಲಣ್ಣಾ! ಲೈಟಿನ ತಂತಿ ಕಿಡಿ ಉದುರಿ ಗೋಮಾಳದಂಚಿನ ಬಣವಿಗೆ ಬಿತ್ತು!"

ಬಣವೆ ಹತ್ತಿ, ಅಲ್ಲಿಂದ ಕಣದ ತುದಿಯ ಕಾಯಿಯ ರಾಶಿ ಹತ್ತಿತ್ತು. ಬೆಂಕಿಗೂ ತಗಡಿನ ಮನೆಗೂ ಇಪ್ಪತ್ತು ಹೆಜ್ಜೆ. ಹಂಪಮ್ಮ ಕಾಣಲಿಲ್ಲ. ಹೊಗೆ ಗಂಟಲಿಗೆ ಇಳಿದು ಉಸಿರೇ ನಿಂತಂತಾಯಿತು. ಕಣ್ಣು ಬಿಡುವಂತಿರಲಿಲ್ಲ.

"ಟವೆಲ್ ತೋಯಿಸಿ ಮೂಗಿಗೆ ಕಟ್ರಿ," ಎಂದು ಗಾದಿಲಿಂಗಪ್ಪ ಕೂಗಿದ. "ಗಾಳಿ ಬೆನ್ನಿಗಿರ್ಲಿ!"

ಓಬಳೇಶ ಕಣದ ಅಂಚಿಗೆ ಬಂದವನೇ ಬ್ರೇಕ್ ಹಾಕಿದ. ಮುಂದೆ ನೆಲದ ತುಂಬ ಕೆಂಪಗೆ ಕಾಯಿ ಹರಡಿತ್ತು. ನಮ್ಮಲ್ಲಿ ಚಪ್ಪಲಿ ಮೆಟ್ಟಿ ಕಣಕ್ಕೆ ಯಾರೂ ಕಾಲಿಡುವುದಿಲ್ಲ. ನಾನು ಕೆಳಗೆ ಹಾರಿದವನು ಆ ಗಡಿಬಿಡಿಯಲ್ಲೂ ಚಪ್ಪಲಿ ಬಿಟ್ಟು ಪೈಪು ಹಿಡಿದು ಓಡಿದೆ. ಪೈಪು ಬಿಗಿದು ನಿಂತಿತು. ಇನ್ನೂ ಮೂವತ್ತು ಅಡಿ ಬೇಕಿತ್ತು.

"ಮುಂದ ತಗೊಳ್ಳೋ!" ಎಂದೆ.

"ಹೆಂಗಣ್ಣಾ? ಕಾಯಿ ಮ್ಯಾಲ ಗಾಲಿ ಹತ್ತಿಸಲೇನು?"

ಆಗ ಹೊಗೆಯೊಳಗಿನಿಂದ ಹಂಪಮ್ಮ ಕಂಡಳು. ಸೆರಗು ಬಾಯಿಗೆ ಕಚ್ಚಿಕೊಂಡು, ಗ್ಯಾಸ್ ಸಿಲಿಂಡರನ್ನು ಮನೆ ಬಾಗಿಲಿನಿಂದ ಹೊರಗೆ ಉರುಳಿಸುತ್ತಿದ್ದಳು. ನಿಂತ ಟ್ರ್ಯಾಕ್ಟರ್ ನೋಡಿ ಸೆರಗು ಬಿಟ್ಟು ಕಿರುಚಿದಳು.

"ಹತ್ತಿಸೋ ನನ್ನಪ್ಪಾ! ತುಳದ್ರ ಪುಡಿ ಆಗ್ತೈತಿ, ಸುಟ್ರ ಏನೂ ಉಳಿಯಂಗಿಲ್ಲ. ಹತ್ತಿಸು!"

ಓಬಳೇಶ ಕಣ್ಣು ಮುಚ್ಚಿಕೊಂಡೇ ಗೇರು ಹಾಕಿದನೆನ್ನಿಸುತ್ತದೆ. ಗಾಲಿಯ ಕೆಳಗೆ ಕಾಯಿ ಚರಚರ ಒಡೆದವು. ಪಂಪು ಗುಡುಗಿತು. ನೀರು ಮೊದಲು ಮನೆಯ ತಗಡಿಗೆ ಬಿದ್ದು ಚುಂಯ್ ಎಂದು ಆವಿ ಎದ್ದಿತು. ಆಮೇಲೆ ರಾಶಿಗೆ. ಗಾದಿಲಿಂಗಪ್ಪ ಹಂಪಮ್ಮನ ರಟ್ಟೆ ಹಿಡಿದು ಗಾಳಿಯ ಕಡೆಗೆ ಎಳೆದುಕೊಂಡು ಹೋಗಿ ಕೂರಿಸಿದ. ಟ್ಯಾಂಕರ್ ಖಾಲಿಯಾಗುವ ಹೊತ್ತಿಗೆ ಬೆಂಕಿ ಸತ್ತಿತ್ತು.

ಮನೆ ಉಳಿಯಿತು. ಕಾಯಿ ಅರ್ಧ ಹೋಯಿತು.

"ಅಕ್ಕಾ, ಫೋನ್ ಯಾಕ ಮಾಡಲಿಲ್ಲ?" ಎಂದೆ.

ಅವಳು ಕೆಂಪು ಕಣ್ಣು ಎತ್ತಿ ನೋಡಿದಳು. "ಮಾಡಬ್ಯಾಡ ಅಂತ ನೀನೇ ಕೂಗಿದ್ದಿ. ಹೊಗಿ ಕಂಡಾಗ ಪಂಚಾಯ್ತಿಯೋರು ಹಚ್ಯಾರ ಅಂದ್ಕಂಡೆ. ಚೊಲೋ ಆತು, ಗಾಡಿ ನನ್ನ ಕಣದ ಹತ್ರಾನ ಬರ್ತೈತಿ, ನೋಡಬಹುದು ಅಂತ ಕಾಯಿ ತಿರುವಿ ಹಾಕ್ಕೋತ ಇದ್ದೆ."

ನಾನು ಪೈಪು ಸುತ್ತಿಡತೊಡಗಿದೆ.

ಗ್ರಾಮಸಭೆ ಹನ್ನೆರಡರ ಬದಲು ಎರಡಕ್ಕೆ ಕೂಡಿತು. ಗಾದಿಲಿಂಗಪ್ಪ ಎದ್ದು ನಿಂತ.

"ಹೊಗಿ ಕಂಡಾಗ ಹನ್ನೊಂದಕ್ಕ ಎಂಟು. ನೀರು ಬಿದ್ದಾಗ ಹನ್ನೊಂದರ ಮ್ಯಾಲ ಒಂಬತ್ತು. ಹದಿನೇಳು ನಿಮಿಷ. ಹತ್ತು ಅಂದಿದ್ರಿ."

"ಅದರಾಗ ಐದು ನಾನು ತಿಂದದ್ದು," ಎಂದು ನಾನು ಎದ್ದೆ. "ನೀವು ಮೋಸ ಅಂತೀರಿ ಅಂತ ಹೆದರಿ ಗಾಡಿ ನಿಲ್ಲಿಸಿದೆ. ಫೋನ್ ಮಾಡಬ್ಯಾಡ್ರಿ ಅಂದವನೂ ನಾನ."

"ಐದರಾಗ ಅರ್ಧ ನನ್ನ ಗಡಿಯಾರದ ಪಾಲು," ಎಂದ ಅವನು. ಆಮೇಲೆ ಜನರ ಕಡೆ ತಿರುಗಿದ. "ಸಿರುಗುಪ್ಪದ ಗಾಡಿ ಕಾದಿದ್ರ ಈ ಹೆಣ್ಮಗಳು ಸಿಲಿಂಡರ್ ಜೊತಿಗೆ ಸುಟ್ಟು ಹೋಗ್ತಿದ್ಲು. ತೆರಿಗಿ ಇರ್ಲಿ. ಆದ್ರ ಪೈಪು ಸಾಲಲಿಲ್ಲ. ಇನ್ನೂ ಐವತ್ತು ಅಡಿ ಪೈಪು ತರ್ರಿ, ಆಮ್ಯಾಲ ನನ್ನ ಮನಿಗೆ ರಸೀದಿ ಪುಸ್ತಕ ತರ್ರಿ. ಪೈಪು ನೋಡೇ ರೊಕ್ಕ ಕೊಡಾಂವ ನಾನು."

ಹಂಪಮ್ಮ ಹಿಂದಿನಿಂದ ಕೈ ಎತ್ತಿದಳು. "ನಂದು ಒಂದ ಮಾತು. ಆ ಮೈಕು ಇನ್ನೊಮ್ಮಿ ಊರೆಲ್ಲ ತಿರುಗಲಿ."

ಸಂಜೆ ಮತ್ತೆ ಆಟೋದಲ್ಲಿ ಕೂತೆ. ಗಂಟಲು ಇನ್ನೂ ಉರಿಯುತ್ತಿತ್ತು, ಧ್ವನಿ ಒಡೆದಿತ್ತು. "ಹೊಗಿ ಕಂಡ್ರ ಫೋನ್ ಮಾಡ್ರಿ. ನಾವ ಹಚ್ಚಿದ್ದು ಅಂತ ಗೊತ್ತಿದ್ರೂ ಮಾಡ್ರಿ. ಹತ್ತು ಮಂದಿ ಮಾಡಿದ್ರೂ ಹತ್ತೂ ಎತ್ತತೀನಿ."

ಮುಂದಿನ ಓಣಿಗೆ ತಿರುಗುವಷ್ಟರಲ್ಲಿ ಫೋನ್ ಬಂತು. ಹಂಪಮ್ಮ.

"ಏನಿಲ್ಲ ತಮ್ಮಾ. ಎತ್ತತೀಯೋ ಇಲ್ಲೋ ನೋಡಿದೆ," ಎಂದು ಇಟ್ಟಳು.