ಕನಕಮ್ಮನ ಕೈಗುಣ

ಬಂಗಾರಪೇಟೆಯ ಮುನಿಸ್ವಾಮಪ್ಪನಿಗೆ ದೇವರಲ್ಲಿ ಎಷ್ಟು ನಂಬಿಕೆಯಿತ್ತೋ ಹೇಳುವುದು ಕಷ್ಟ. ತಮ್ಮನ ಹೆಂಡತಿ ಕನಕಮ್ಮನ ಕೈಗುಣದಲ್ಲಿ ಮಾತ್ರ ಪೂರ್ತಿ ನಂಬಿಕೆಯಿತ್ತು. ಕಾಮಸಮುದ್ರದ ದಾರಿಗೆ ಮೊದಲ ಬಸ್ಸು ಬಿಟ್ಟಾಗ ಮೊದಲ ಟಿಕೇಟಿನ ದುಡ್ಡನ್ನು ಅವಳ ಕೈಯಿಂದಲೇ ಈಸಿಕೊಂಡಿದ್ದ. ಆ ಬಸ್ಸು ಒಂದು ದಿನವೂ ಖಾಲಿ ಓಡಲಿಲ್ಲ. ಅಲ್ಲಿಂದ ಮುಂದೆ ಎಮ್ಮೆ ಕೊಂಡರೂ, ಬೀರು ಕೊಂಡರೂ ಮೊದಲು ಕನಕಮ್ಮ ಮುಟ್ಟಬೇಕು. ‘ನಮ್ಮನೆ ಮಾಲಕ್ಷ್ಮಿ’ ಎಂದು ಬಸ್ ಸ್ಟ್ಯಾಂಡಿನಲ್ಲಿ ನಿಂತು ಊರಿಗೆಲ್ಲ ಹೇಳುತ್ತಿದ್ದ.

ಸಾವಿರದ ಒಂಬೈನೂರ ಐವತ್ತೆರಡರಲ್ಲಿ ಕನಕಮ್ಮನ ಗಂಡ ಶ್ರೀರಾಮಪ್ಪ ವಿಷಮಶೀತ ಜ್ವರ ಬಂದು ತೀರಿಕೊಂಡ. ಅದೇ ವರ್ಷ ಇನ್ನೊಂದು ಹೊಸ ಬಸ್ಸು ಬಂತು. ಪೂಜೆಯ ದಿನ ಕನಕಮ್ಮ ಅಭ್ಯಾಸಬಲದಿಂದ ಹೊರಗೆ ಬಂದು, ಹೊಳೆಯುವ ಬಾನೆಟ್ಟಿನ ಮೇಲೆ ಕೈಯಿಟ್ಟಳು.

“ಅಯ್ಯಯ್ಯೋ, ತೆಗಿಯಮ್ಮ ಕೈನ!” ಎಂದು ಮುನಿಸ್ವಾಮಪ್ಪ ಕಿರುಚಿದ. “ಒಸಾ ಬಂಡಿ ಮೇಲೆ ಮುಂಡೆ ಕೈ ಇಕ್ತಾರಾ? ಓಗು ಒಳಕ್ಕೆ!”

ಅಷ್ಟಕ್ಕೇ ಬಿಡಲಿಲ್ಲ. ಗಂಜಳ, ಅರಿಶಿನದ ನೀರು ತರಿಸಿ, ಅವಳು ಮುಟ್ಟಿದ ಜಾಗವನ್ನಷ್ಟೇ ಅಲ್ಲ, ಇಡೀ ಬಸ್ಸನ್ನು ತೊಳೆಸಿದ. ಸಂತೆಗೆ ಬಂದ ಜನ ಗಂಟು ಮೂಟೆ ಕೆಳಗಿಟ್ಟು ನೋಡಿದರು. ಕನಕಮ್ಮ ಅಳಲಿಲ್ಲ. ಅತ್ತುಬಿಟ್ಟಿದ್ದರೆ ಅವಳೂ ಉಳಿಯುತ್ತಿದ್ದಳು, ಅವನೂ ಉಳಿಯುತ್ತಿದ್ದ. ಅವಳಿಗೆ ಬಂದದ್ದು ಸಿಟ್ಟು, ಮತ್ತು ಆ ಸಿಟ್ಟು ಹೋಗಲೇ ಇಲ್ಲ.

ಶ್ರೀರಾಮಪ್ಪ ಕೋಲಾರದ ಚಿನ್ನದ ಗಣಿಗೆ ಮರಮುಟ್ಟು ಒದಗಿಸುವ ಕಂಟ್ರಾಕ್ಟು ಮಾಡಿದವನು. ದುಡಿದದ್ದರಲ್ಲಿ ಒಂದಿಷ್ಟು ಗಣಿ ಷೇರು, ಒಂದಿಷ್ಟು ಬೆಂಗಳೂರಿನ ನೂಲಿನ ಗಿರಣಿಯ ಷೇರು ಕೊಂಡಿಟ್ಟಿದ್ದ. ಅವನ ಸ್ನೇಹಿತ ಕುಪ್ಪುಸ್ವಾಮಿ ಗಣಿ ಆಫೀಸಿನ ಗುಮಾಸ್ತ, ನಂದಿದುರ್ಗ ಗಣಿಯವರ ಸಾಲುಮನೆಗಳ ಲೈನಿನಲ್ಲಿ ಮನೆ. ಪ್ರತಿ ಭಾನುವಾರ ಮಾರಿಕುಪ್ಪಂ ರೈಲಿನಲ್ಲಿ ಬಂದು, ಕನಕಮ್ಮನ ಹಜಾರದಲ್ಲಿ ಇಂಗ್ಲಿಷ್ ಪೇಪರು ಹರಡಿಕೊಂಡು ಷೇರು ಧಾರಣೆ ಓದುತ್ತಿದ್ದ. ಯಾವುದನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಮಾರಬೇಕು, ಯಾವುದನ್ನು ಕೊಳ್ಳಬೇಕು ಎಂದು ಇಬ್ಬರಿಗೂ ಜಗಳವೇ ನಡೆಯುತ್ತಿತ್ತು.

ಒಂದು ಸಲ ಕನಕಮ್ಮ, “ಗಣಿ ಷೇರು ಅಷ್ಟೂ ಮಾರ್ಬಿಡಣ್ಣ” ಎಂದಳು.

“ಅಯ್ಯೋ ವೇಂಡಾಮ್ಮಾ, ಬೇಡ!” ಕುಪ್ಪುಸ್ವಾಮಿ ಎದೆ ಹಿಡಿದುಕೊಂಡ. “ಬಂಗಾರಕ್ಕಿಂತ ಗಟ್ಟಿ ಏನೈತಮ್ಮಾ?”

ಕನಕಮ್ಮ ರೈಲಿನಲ್ಲಿ ಹೋಗಿ ಬರುವಾಗ ಗಣಿಯ ಬಿಳಿ ದೊರೆಗಳ ಬಂಗಲೆಯಲ್ಲಿ ಆಯಾ ಕೆಲಸ ಮಾಡುವ ಹೆಂಗಸರ ಮಾತು ಕೇಳಿದ್ದಳು. ದೊರೆಸಾನಿಯರು ಮಂಚ, ಕುರ್ಚಿ, ಗಾಜಿನ ಸಾಮಾನು ಎಲ್ಲ ಬಂದ ಬೆಲೆಗೆ ಮಾರುತ್ತಿದ್ದಾರಂತೆ. ಮನೆಯೊಡತಿಯೇ ಪಾತ್ರೆ ಮಾರುತ್ತಿದ್ದರೆ ಆ ಮನೆಯ ಯಜಮಾನ ಊರು ಬಿಡುತ್ತಾನೆಂದು ತಿಳಿಯಲು ಇಂಗ್ಲಿಷ್ ಬೇಕಾಗಿಲ್ಲ. ಮಾರಿದಳು. ಮುಂದಿನ ವರ್ಷ ಗಣಿಗಳು ಸರ್ಕಾರದ ಕೈಗೆ ಹೋದವು, ಷೇರು ಇಟ್ಟುಕೊಂಡವರು ಕೈ ಸುಟ್ಟುಕೊಂಡರು. ಆ ದುಡ್ಡಿಗೆ ಇನ್ನಷ್ಟು ಗಿರಣಿ ಷೇರು ಕೊಂಡಳು, ಅದೂ ಕೈ ಹಿಡಿಯಿತು.

ಅಷ್ಟರಲ್ಲಿ ಮುನಿಸ್ವಾಮಪ್ಪ ಹಳೆಯ ಮನೆಯನ್ನು ಕನಕಮ್ಮನಿಗೆ ಬಿಟ್ಟು, ಪಕ್ಕದಲ್ಲೇ ಮಹಡಿ ಮನೆ ಕಟ್ಟಿದ. ಬಸ್ಸಿನ ದುಡ್ಡಿಗೆ ಅಷ್ಟು ದೊಡ್ಡ ಮಹಡಿ ಏಳುತ್ತದೆಯೇ ಎಂದು ಕನಕಮ್ಮನಿಗೆ ಅನುಮಾನವಿತ್ತು. ಅದನ್ನು ಬಿಡಿಸಿದವಳು ಅವನ ಹೆಂಡತಿ ಮುತ್ಯಾಲಮ್ಮ. ಅವಳು ಕಪಟ ಅರಿಯದ ಹೆಂಗಸು. ಹಿತ್ತಿಲ ಗೋಡೆಯ ಮೇಲಿಂದ ಉಪ್ಪಿನಕಾಯಿ ಕೊಡುತ್ತ ಒಂದು ದಿನ ಬಾಯಿಬಿಟ್ಟಳು.

“ನಿಮ್ ಬಾವ ನಿನ್ ಇಂದೇನೇ ಓಗೋದು ಕಣೆ. ನೀನ್ ಮಾರಿದ್ದು ಮಾರ್ತಾರೆ, ನೀನ್ ತಗಂಡಿದ್ದು ತಗೋತಾರೆ. ಆ ಕುಪ್ಪುಸ್ವಾಮಿ ಟೇಸನ್‌ಗೆ ಓಗೋವಾಗ ಆಪೀಸ್ಗೆ ಕರ್ದು ಕಾಪಿ ಕುಡ್ಸಿ ಎಲ್ಲಾ ಕೇಳ್ಕೋತಾರೆ. ‘ಆ ಕೈಗುಣ ಎಲ್ಲೂ ಓಗಿಲ್ಲ’ ಅಂತಾರೆ.”

ಕನಕಮ್ಮ ಉಪ್ಪಿನಕಾಯಿಯ ಬಟ್ಟಲನ್ನು ಗೋಡೆಯ ಮೇಲೇ ಇಟ್ಟಳು. ಅಂದರೆ ಅವನು ತೊಳೆದದ್ದು ಬಸ್ಸನ್ನು ಮಾತ್ರ, ಅವಳ ಕೈಯನ್ನು ಕದ್ದು ಇಟ್ಟುಕೊಂಡಿದ್ದ! ಬೆಳಿಗ್ಗೆ ಅವಳು ಎದುರು ಬಂದರೆ ತಿರುಗಿ ಮನೆಗೆ ಹೋಗಿ ನೀರು ಕುಡಿದು ಬರುವ ಗಂಡಸು, ಅವಳ ಕೈಗುಣದ ಮೇಲೆ ಮಹಡಿ ಏರಿಸಿದ್ದ. ಅದಕ್ಕಿಂತ ಉರಿಸಿದ್ದು ಇನ್ನೊಂದು. ಹಗಲೂ ರಾತ್ರಿ ಯೋಚನೆ ಮಾಡಿದ್ದು ಅವಳ ತಲೆ, ಹೆಸರು ಬಂದದ್ದು ಕೈಗೆ.

‘ಇಂದೆ ಬಾ ಬಾವ’ ಎಂದುಕೊಂಡಳು ಮನಸ್ಸಿನಲ್ಲೇ. ‘ಎಲ್ಲೀಗಂಟ ಬತ್ತೀಯೋ ನೋಡ್ತೀನಿ.’

ಅರವತ್ತೊಂದರಲ್ಲಿ ಒಂದು ಹೊಸ ಕಂಪನಿ ಹುಟ್ಟಿತು. ಕಾಮಸಮುದ್ರದಿಂದಾಚೆ, ಆಂಧ್ರದ ಗಡಿಯ ಬೋಳುಗುಡ್ಡದಲ್ಲಿ ಚಿನ್ನ ತೆಗೆಯುತ್ತೇವೆಂದು ಮದರಾಸಿನ ಯಾರೋ ನಾಲ್ಕು ಜನ ಬಣ್ಣದ ಕಾಗದ ಅಚ್ಚು ಹಾಕಿಸಿ ಹಂಚಿದರು. ಪೂರ್ವಗಿರಿ ಗೋಲ್ಡ್ ಎಂದು ಹೆಸರು. ಕುಪ್ಪುಸ್ವಾಮಿ ಆ ಕಾಗದವನ್ನು ನಗಿಸುವುದಕ್ಕೆಂದು ತಂದು ತೋರಿಸಿದ.

“ಬೆಳ್ಳಗಿನ ದೊರೆ ತೋಡಿ ನೋಡಿ ಬಿಟ್ಟೋದ ಗುಡ್ಡ ಅಮ್ಮಾ ಅದು. ಬರೀ ಕಲ್ಲು.”

“ಗಿರಣಿ ಷೇರು ಅರ್ಧ ಮಾರು. ಇದನ್ನ ತಗೋ” ಎಂದಳು ಕನಕಮ್ಮ.

ಕುಪ್ಪುಸ್ವಾಮಿ ಗೋಗರೆದ. ಸತ್ತ ಸ್ನೇಹಿತನ ಆಣೆ ಹಾಕಿದ. ಅವಳಿಗೆ ದೆವ್ವ ಹಿಡಿದಿದೆಯೆಂದು ತನ್ನ ಹೆಂಡತಿ ಮಾರಿಯಮ್ಮನಿಂದ ದೃಷ್ಟಿ ತೆಗೆಸಿದ. ಕಾರಣವನ್ನು ಮಾತ್ರ ಕನಕಮ್ಮ ಅವನಿಗೂ ಹೇಳಲಿಲ್ಲ. ಹೇಳಿದರೆ ಕಾಫಿ ಲೋಟದ ಜೊತೆ ಅದೂ ಬಾವನಿಗೆ ಮುಟ್ಟುತ್ತದೆ.

ಮುನಿಸ್ವಾಮಪ್ಪನಿಗೂ ಕುಪ್ಪುಸ್ವಾಮಿ ಅದೇ ಬುದ್ಧಿವಾದ ಹೇಳಿದ. ಅವನು ನಕ್ಕ. “ಗಣಿ ಷೇರು ಇಟ್ಕೋ ಅಂದೋನೂ ನೀನೇ ಅಲ್ವಾ? ಲೆಕ್ಕ ನಿಂದು, ಕೈಗುಣ ಅವಳ್ದು. ನಾನ್ ಯಾವುದ್ನ ನಂಬ್ಲಿ?” ಎಂದು ಅವಳು ಕೊಂಡದ್ದರ ಎರಡರಷ್ಟು ಕೊಂಡ.

ಒಂದು ವರ್ಷ ಪೂರ್ವಗಿರಿ ಏರಿತು. ಬಂಗಾರಪೇಟೆಯ ಮಂಡಿಯವರು, ಗಣಿಯಿಂದ ರಿಟೈರ್ ಆದವರು ಎಲ್ಲ ಕೊಂಡರು. ಕೊಂಡ ಹಾಗೆಲ್ಲ ಏರಿತು. ಕನಕಮ್ಮ ಉಳಿದ ಗಿರಣಿ ಷೇರನ್ನೂ ಮಾರಿ ಅದರಲ್ಲೇ ಹಾಕಿದಳು. ಮುನಿಸ್ವಾಮಪ್ಪ ಬಸ್ಸುಗಳನ್ನೂ ಮಹಡಿ ಮನೆಯನ್ನೂ ಕೋಲಾರದ ಸಾಹುಕಾರನಿಗೆ ಅಡ ಇಟ್ಟು ಹಾಕಿದ. ಆಗ ಕುಪ್ಪುಸ್ವಾಮಿ ಕಾಲು ಹಿಡಿಯುವುದೊಂದು ಬಾಕಿ.

“ಈಗ ಮಾರಮ್ಮಾ, ತಂಗಚ್ಚಿ. ಗಿರಣಿಯಲ್ಲಿದ್ದಿದ್ದಕ್ಕಿಂತ ಜಾಸ್ತಿ ಬರ್ತದೆ. ಒಂದು ಕಾಗದ ಬರೀತೀನಿ, ಮುಗೀತು.”

ಕನಕಮ್ಮನಿಗೂ ಕೈ ತುರಿಸಿತು, ಸುಳ್ಳೇಕೆ. ದುಡ್ಡು ಯಾರಿಗೆ ಬೇಡ? ಆದರೆ ಅವಳು ಮಾರಿದ ಸಂಜೆಯೇ ಬಾವನೂ ಮಾರುತ್ತಾನೆ. ಇನ್ನೊಂದು ಮಹಡಿ ಏಳುತ್ತದೆ. ಅವನು ಮುಳುಗಬೇಕಾದರೆ ಅವಳು ಮಾರಕೂಡದು. ಕೊಳ್ಳುವುದು ಸುಲಭವಾಗಿತ್ತು, ಇಟ್ಟುಕೊಂಡು ಕೂರುವುದು ಮಾತ್ರ ಕೆಂಡವನ್ನು ಅಂಗೈಯಲ್ಲಿ ಮುಚ್ಚಿಟ್ಟುಕೊಂಡ ಹಾಗಿತ್ತು.

ಮುತ್ಯಾಲಮ್ಮ ಒಂದು ಮಧ್ಯಾಹ್ನ ಬಂದು ಅವಳ ಪಕ್ಕದಲ್ಲಿ ಕೂತಳು. “ಯಾಕೋ ಎದರಿಕೆ ಆಗ್ತದೆ ಕಣೆ. ನೀನ್ ಮಾರೋವಾಗ ನಂಗೊಂದು ಮಾತು ಏಳು. ಮನೆ ಓದ್ರೆ ಬೀದಿಗೆ ಬೀಳ್ತೀವಿ.”

ಕನಕಮ್ಮ ಅವಳ ಮುಖ ನೋಡಿದಳು. ಬಸ್ಸು ತೊಳೆಸಿದ ದಿನ ಇಡೀ ಮನೆಯಲ್ಲಿ ಅವಳಿಗೆ ಊಟ ತಂದಿಟ್ಟವಳು ಇವಳೊಬ್ಬಳೇ. ನಾಲಗೆಯ ತುದಿಗೆ ಬಂದ ಮಾತನ್ನು ಕನಕಮ್ಮ ನುಂಗಿಕೊಂಡಳು.

“ಏಳ್ತೀನಕ್ಕ, ಏಳ್ದೆ ಇರ್ತೀನಾ” ಎಂದಳು.

ಅರವತ್ಮೂರರ ಬೇಸಿಗೆಯಲ್ಲಿ ಮದರಾಸಿನ ಆ ನಾಲ್ಕು ಜನ ಆಫೀಸಿಗೆ ಬೀಗ ಹಾಕಿ ಎಲ್ಲಿಗೋ ಹೋದರು. ಷೇರು ಕಾಗದ ದೀಪ ಹಚ್ಚುವುದಕ್ಕೂ ಬಾರದಂತಾಯಿತು, ಅಷ್ಟು ದಪ್ಪ ಕಾಗದ. ಕೋಲಾರದ ಸಾಹುಕಾರ ಬಸ್ಸುಗಳನ್ನು ಒಯ್ದ. ಆಮೇಲೆ ಮಹಡಿ ಮನೆಗೂ ಬೀಗ ಬಿತ್ತು. ಮುನಿಸ್ವಾಮಪ್ಪನ ಸಾಮಾನೆಲ್ಲ ಎತ್ತಿನ ಗಾಡಿಯ ಮೇಲೆ ಹೋಗುವುದನ್ನು ಕನಕಮ್ಮ ಕಿಟಕಿಯಲ್ಲಿ ನಿಂತು ಕಣ್ತುಂಬ ನೋಡಿದಳು. ಅವಳಿಗೂ ತಾನಿದ್ದ ಹಳೆಯ ಮನೆಯ ಮಾಡೊಂದು ಬಿಟ್ಟು ಬೇರೇನೂ ಉಳಿದಿರಲಿಲ್ಲ. ಆದರೂ ಆ ದಿನ ಅವಳು ಪಾಯಸ ಮಾಡಿ ಉಂಡಳು.

ಇನ್ನು ಒಂದೇ ಬಾಕಿ. ಅವನು ಬರಬೇಕು, ಬಾಯಿಗೆ ಬಂದಂತೆ ಬಯ್ಯಬೇಕು. ಆಗ ಅವಳು ಹೇಳುತ್ತಾಳೆ, ಯಾಕೆ ಮಾಡಿದೆನೆಂದು. ಹನ್ನೊಂದು ವರ್ಷ ಬಾಯಿಪಾಠ ಮಾಡಿದ ಮಾತುಗಳು ಅವು.

ಅವನು ಬಂದ, ಹೆಂಡತಿಯನ್ನೂ ಕರೆದುಕೊಂಡು. ಜಗಲಿಯ ಮೇಲೆ ಕೂತು ಟವೆಲ್ಲಿನಿಂದ ಮುಖ ಒರೆಸಿಕೊಂಡ.

“ನಿನ್ ದುಡ್ಡೂ ಓಯ್ತಂತಲ್ಲಮ್ಮ” ಎಂದ, ಮೆತ್ತಗೆ. “ಬಯ್ಯಾಕ್ ಬಂದಿಲ್ಲ ಕಣಮ್ಮ. ನಿಂದೇನೂ ತಪ್ಪಿಲ್ಲ. ಅವತ್ತು ಬಸ್ ತೊಳ್ಸಿದ್ನಲ್ಲ, ಅದೇ ಸರಿ. ಗಂಡ ಓದ್ಮೇಲೆ ಕೈಗುಣಾನೂ ಓಗ್ತದೆ ಅಂತ ಗೊತ್ತಿದ್ದೂ ಆಸೆ ಬಿದ್ದೆ. ತಪ್ಪೆಲ್ಲಾ ನಂದೇ.”

ಕನಕಮ್ಮ ಹೊಸಿಲು ದಾಟಿ ಮುಂದೆ ಬಂದಳು. “ಗಣಿ ಷೇರು ಮಾರಿದ್ದು, ಗಿರಣಿದು ತಗಂಡಿದ್ದು, ಎಲ್ಲಾ ಅವ್ರು ಓದ್ಮೇಲೆ ಅಲ್ವಾ ಬಾವ?”

“ಅದು ನನ್ ತಮ್ಮನ ಪುಣ್ಯ ಮಿಕ್ಕಿತ್ತು. ತೀರ್ತು.”

“ಪುಣ್ಯ ಅಲ್ಲ, ಕೈ ಅಲ್ಲ! ಕಲ್ಲು ಅಂತ ಗೊತ್ತಿದ್ದೇ ತಗಂಡೆ. ನೀವು ಇಂದೆ ಬತ್ತೀರಾ ಅಂತ ಗೊತ್ತಿದ್ದೇ ತಗಂಡೆ. ನಿಮ್ಮನ್ನ ಮುಳುಗ್ಸಕ್ಕೇ ತಗಂಡೆ!”

ಮುನಿಸ್ವಾಮಪ್ಪ ಹೆಂಡತಿಯ ಕಡೆ ನೋಡಿದ. ಅವನ ಕಣ್ಣಿನಲ್ಲಿ ಸಿಟ್ಟಿನ ಚೂರೂ ಇರಲಿಲ್ಲ.

“ಬೇಕಂತ ಯಾರಾನ ಇರೋ ದುಡ್ಡೆಲ್ಲಾ ಕಳ್ಕೋತಾರಾ ತಾಯಿ? ಜನದ ಮುಂದೆ ನಾಚ್ಕೆ ಆಗ್ತದೆ ಅಂತ ಅಂಗಂತೀಯ. ಬಿಡು” ಎಂದು ಎದ್ದು, ಮೆಟ್ಟಿಲಿಳಿದು ಹೊರಟ.

ಕನಕಮ್ಮ ಬೀದಿಗೆ ಓಡಿಬಂದಳು. “ಬೇಕಂತ್ಲೇ ಮಾಡ್ದೆ! ತಲೆ ಓಡ್ಸಿ ಮಾಡ್ದೆ!” ಎಂದು ಕೂಗಿದಳು. ಅಕ್ಕಪಕ್ಕದ ಬಾಗಿಲುಗಳು ತೆರೆದವು. “ಪಾಪ, ದುಡ್ಡು ಓಗಿ ಚಿತ್ತ ಕೆಟ್ಟೈತೆ” ಎಂದಿತು ಒಂದು ದನಿ. “ಅವತ್ತೇ ಬಸ್ ತೊಳ್ಸಿದ್ದ ಆವಯ್ಯ, ಗೊತ್ತಿದ್ದೋನು” ಎಂದಿತು ಇನ್ನೊಂದು.

ಮುತ್ಯಾಲಮ್ಮ ಗಂಡನ ಹಿಂದೆ ಹೋಗುತ್ತಿದ್ದವಳು ತಿರುಗಿ ಬಂದಳು. ಅವಳ ಕೈಯಲ್ಲಿ ಈಗ ಗಾಜಿನ ಬಳೆ ಮಾತ್ರ ಇದ್ದವು. ಕನಕಮ್ಮನ ತೋಳು ಹಿಡಿದು, ಸೆರಗಿನಿಂದ ಅವಳ ಮುಖ ಒರೆಸಿ, “ಸುಮ್ಕಿರೇ, ಜನ ನೋಡ್ತಾರೆ. ಬಾ, ಒಳಗ್ ಬಾ, ಏನಾನ ಉಂಡ್ಯಾ?” ಎಂದು ಕೇಳಿದಳು.