ನಾದಿನಿ ತಂದ ಹಾರ್ಮೋನು

ನಾದಿನಿ ಸಸ್ಯರೋಗಗಳ ಸಂಶೋಧಕಿ ಎಂಬುದು ಮನೆಯವರಿಗೆಲ್ಲ ಹೆಮ್ಮೆ. ನರ್ಸರಿ ನಡೆಸುವ ಅತ್ತಿಗೆಗೆ ಮಾತ್ರ ತಲೆನೋವು. ಹಿಂದೊಮ್ಮೆ ಕಿತ್ತಳೆ ಸಸಿಗಳಿಗೆ ಕಜ್ಜಿ ರೋಗ ತಗುಲಿದಾಗ, "ಎಲ್ಲಾ ಕಿತ್ತು ಸುಟ್ಟುಬಿಡಿ" ಎಂದು ಮುಲಾಜಿಲ್ಲದೆ ಹೇಳಿದವಳು ನಾದಿನಿಯೇ. ಸುಟ್ಟದ್ದೂ ಆಯಿತು, ಅತ್ತಿಗೆ ಮುಖ ಊದಿಸಿಕೊಂಡದ್ದೂ ಆಯಿತು.

ಈ ಸಲ ಮಳೆಗಾಲದ ಮೊದಲಲ್ಲೇ ನಾಲ್ಕಾರು ಸಸಿಗಳ ಎಲೆಯ ಮೇಲೆ ಕಂದು ಚುಕ್ಕೆ ಕಂಡಾಗ ಅತ್ತಿಗೆ ಬಿಗುಮಾನ ಬಿಟ್ಟು ಫೋನ್ ಮಾಡಿದಳು. ನಾದಿನಿ ಬಂದವಳೇ ರೋಗದ ಸಸಿಗಳನ್ನು ಕಿತ್ತಳು. ಆಮೇಲೆ ಚೀಲದಿಂದ ಒಂದು ಬಾಟಲಿ ತೆಗೆದಳು.

"ಇದು ವಿಷ ಅಲ್ಲ ಅತ್ತಿಗೆ. ರೋಗ ಬಂದಾಗ ಗಿಡ ತನ್ನೊಳಗೇ ತಯಾರು ಮಾಡ್ಕೊಳ್ಳೋ ಹಾರ್ಮೋನು. ಮೊದಲೇ ಒಂಚೂರು ಸಿಂಪಡಿಸಿದ್ರೆ, ಕಳ್ಳ ಬರೋಕೆ ಮುಂಚೆ ಬಾಗಿಲು ಹಾಕ್ಕೊಳ್ಳುತ್ತೆ."

"ಒಂಚೂರು ಯಾಕೆ? ಜಾಸ್ತಿ ಹಾಕಿದ್ರೆ ಚಿಲಕಾನೂ ಹಾಕ್ಕೊಳ್ಳುತ್ತಲ್ಲ!"

"ಬೇಡ. ಹೇಳಿದಷ್ಟೇ ಹಾಕಿ. ಒಂದು ಸಾಲು ಸಿಂಪಡಿಸದೆ ಬಿಡಿ, ಹೋಲಿಸಿ ನೋಡೋಣ."

ನಾದಿನಿ ಅತ್ತ ಹೋಗಿದ್ದೇ ತಡ, ಅತ್ತಿಗೆ ಒಂದು ಸಾಲಿಗೆ ಧಾರಾಳವಾಗಿ ಸುರಿದಳು. ವಾರ ಕಳೆಯುವಷ್ಟರಲ್ಲಿ ಆ ಸಾಲಿನ ಎಲೆಯಂಚು ಸುಟ್ಟಂತಾಯಿತು, ಚಿಗುರು ನಿಂತೇಹೋಯಿತು. ಹೇಳುವಂತಿಲ್ಲ, ಬಿಡುವಂತಿಲ್ಲ. ಕೊನೆಗೆ ತಾನೇ ಕರೆದು ತೋರಿಸಿದಳು.

ಬೈಗುಳ ತಿನ್ನಲು ಸಿದ್ಧಳಾಗಿದ್ದ ಅತ್ತಿಗೆಗೆ ನಾದಿನಿ ನಕ್ಕದ್ದು ಕಂಡು ಆಶ್ಚರ್ಯವಾಯಿತು.

"ಹಗಲೂ ರಾತ್ರಿ ಬಾಗಿಲು ಕಾಯ್ತಾ ನಿಂತ್ರೆ ಗಿಡ ಅಡುಗೆ ಮಾಡೋದು ಯಾವಾಗ, ಬೆಳೆಯೋದು ಯಾವಾಗ, ಪಾಪ? ನಾನೂ ಲ್ಯಾಬಲ್ಲಿ ಮೊದಲು ಹೀಗೇ ಒಂದು ಬೆಂಚಿನ ಸಸಿಗಳನ್ನ ಹಾಳು ಮಾಡಿದ್ದೆ."

"ಹೌದಾ? ಇದನ್ನ ಮೊದಲೇ ಹೇಳಬಾರದಿತ್ತೇನೇ!"

ಅಲ್ಲಿಂದಾಚೆಗೆ ಇಬ್ಬರೂ ಕೂತು ಅಳೆದು ಬೆರೆಸಿದರು. ಮಳೆ ಹಿಡಿಯಿತು. ಸಿಂಪಡಿಸದ ಸಾಲಿನಲ್ಲಿ ಚುಕ್ಕೆ ಎಲೆಯಿಂದ ಎಲೆಗೆ ಹಬ್ಬಿತು. ಉಳಿದವುಗಳಲ್ಲಿ ಅಲ್ಲೊಂದು ಇಲ್ಲೊಂದು, ಅಷ್ಟೇ.

"ಪೂರ್ತಿ ನಿಲ್ಲಲ್ಲ, ಹಬ್ಬೋದು ಕಡಿಮೆಯಾಗುತ್ತೆ," ಎಂದಳು ನಾದಿನಿ.

"ಅಷ್ಟಾದ್ರೆ ಸಾಕು ಕಣೇ," ಎಂದ ಅತ್ತಿಗೆ, ಎಳೆಯ ಎಲೆಯೊಂದನ್ನು ಮಗುವಿನ ಕೆನ್ನೆಯಂತೆ ಸವರಿದಳು. ಸಿಂಪಡಿಸದ ಸಾಲನ್ನು ಕಿತ್ತು ಸುಡುವಾಗ ಅವಳ ಮುಖ ಊದಲಿಲ್ಲ.

ಮಧ್ಯಾಹ್ನ ನೆರಳುಬಲೆಯ ಕೆಳಗೆ ನಾದಿನಿ ಕಸಿ ಕಟ್ಟುವುದನ್ನು ಕಲಿಯಲು ಕೂತಳು. ಅವಳು ಸುತ್ತಿದ ಪಟ್ಟಿ ಸಡಿಲವಾಗಿ ಜಾರಿತು.

"ಇಷ್ಟು ಓದಿದ್ದೀಯ, ಗಂಟು ಹಾಕೋಕೆ ಬರಲ್ವಾ?" ಅತ್ತಿಗೆ ನಗುತ್ತಾ ಅವಳ ಬೆರಳ ಮೇಲೆ ತನ್ನ ಬೆರಳಿಟ್ಟು ಬಿಗಿಯಾಗಿ ಸುತ್ತಿಸಿದಳು.