ಟಗರು ಮೈ ಕೊಡವಲಿಲ್ಲ

ಎಲ್ಲಪ್ಪ ಎರಡನೆಯ ಚೊಂಬು ನೀರನ್ನೂ ಟಗರಿನ ಬೆನ್ನ ಮೇಲೆ ಸುರಿದ. ಅರಿಶಿನದ ನೀರು ಉಣ್ಣೆಯೊಳಗಿಂದ ಇಳಿದು ಬೀರಪ್ಪನ ಗುಡಿಯ ಕಟ್ಟೆಯ ಮೇಲೆ ಹರಿಯಿತು. ಟಗರು ಮೆಲುಕು ಹಾಕುತ್ತ ನಿಂತೇ ಇತ್ತು. ಮೈ ಕೊಡವಿದರೆ ಒಪ್ಪಿದಂತೆ. ಕೊಡವದಿದ್ದರೆ ಅದರ ಮೇಲೆ ಕತ್ತಿ ಎತ್ತುವಂತಿಲ್ಲ.

ಇವತ್ತು ಅದು ಒಪ್ಪಬೇಕಾಗಿದ್ದದ್ದು ತನ್ನ ಸಾವಿಗಷ್ಟೇ ಅಲ್ಲ. ಸೊಸೆ ಶೇಖಮ್ಮ ತನ್ನದೊಂದು ಕಿಡ್ನಿಯನ್ನು ಒಡಹುಟ್ಟಿದ ತಮ್ಮನಿಗೆ ಕೊಡಬಹುದೋ ಬಾರದೋ ಎಂಬ ಪ್ರಶ್ನೆಯನ್ನೂ ಎಲ್ಲಪ್ಪ ಅದರ ಬೆನ್ನಿಗೇ ಹಾಕಿದ್ದ. ತಮ್ಮ ಸಾಯಣ್ಣ ಮಕ್ತಲದಲ್ಲಿ ಕಂಬಳಿ ನೇಯುವವನು. ಕಿಡ್ನಿ ಎರಡೂ ಕೆಟ್ಟು ಮುಖ ಊದಿ, ಮಗ್ಗದ ಕುಣಿಗೆ ಇಳಿಯುವ ಶಕ್ತಿಯೂ ಅವನಲ್ಲಿ ಉಳಿದಿರಲಿಲ್ಲ.

"ಇನ್ನೊಂದು ಚೊಂಬು ಹಾಕ್ರಿ," ಅಂದಳು ಅತ್ತೆ ಪೆಂಟಮ್ಮ. "ಥೇಟ್ ನಿಮ್ಮಂಗ ಐತಿ, ಅಲುಗಾಡಂಗಿಲ್ಲ."

ಅದನ್ನೂ ಹಾಕಿದ್ದಾಯಿತು. ಟಗರು ಕಿವಿ ಸಹ ಆಡಿಸಲಿಲ್ಲ.

"ದೇವ್ರು ಒಲ್ಲೆ ಅಂತಾನ," ಎಂದ ಎಲ್ಲಪ್ಪ, ಸೊಸೆಯ ಮುಖ ನೋಡದೆ. "ಕೊಡಾದು ಬ್ಯಾಡವ್ವ."

ಶೇಖಮ್ಮನಿಗೆ ಹೈದರಾಬಾದಿನ ದೊಡ್ಡಾಸ್ಪತ್ರೆಯ ಡಾಕ್ಟರಮ್ಮ ನೆನಪಾದಳು. ಕಿಡ್ನಿ ಕೊಟ್ಟವರು ಆಮೇಲೆ ಹೇಗಿರುತ್ತಾರೆಂದು ವರ್ಷಗಟ್ಟಲೆ ಬೆನ್ನು ಹತ್ತಿ ನೋಡುವುದೇ ಆಕೆಯ ಸಂಶೋಧನೆ. ಉಳಿದ ಒಂದು ಕಿಡ್ನಿ ಮೆಲ್ಲಗೆ ಬೆಳೆದು, ಹೋದದ್ದರ ಕೆಲಸವನ್ನೂ ಸಾಕಷ್ಟು ಹೊತ್ತುಕೊಳ್ಳುತ್ತದೆ ಎಂದಿದ್ದಳು. ಆಮೇಲೆ ಗಂಡ ಕಿಷ್ಟಪ್ಪನನ್ನು ಹೊರಗೆ ಕಳಿಸಿ, "ನಿನ್ನ ಮನಸ್ಸಿನಲ್ಲಿ ಏನಿದೆ?" ಎಂದು ತೆಲುಗಿನಲ್ಲಿ ಕೇಳಿದ್ದಳು. ಮದುವೆಯ ಮಾತು ಬಂದಾಗಲೂ ಶೇಖಮ್ಮನನ್ನು ಯಾರೂ ಹಾಗೆ ಕೇಳಿರಲಿಲ್ಲ.

ಅವಳು ಬಗ್ಗಿ ಅರಿಶಿನದ ನೀರಿನ ಕೊಡ ಎತ್ತಿಕೊಂಡಳು.

"ಮಾವಾ, ಟಗರು ಕಡಿಯಾಕ ಟಗರನ್ನ ಕೇಳ್ತೀರಿ. ನಾಳಿ ಕೊಯ್ಸಿಕೊಳ್ಳಾಕಿ ನಾನ್ರಿ. ನನ್ನ ಕೇಳ್ರಿ."

ಉಳಿದ ನೀರನ್ನೆಲ್ಲ ತಲೆಯ ಮೇಲೆ ಸುರಿದುಕೊಂಡು, ತುರುಬು ಬಿಚ್ಚಿಹೋಗುವಂತೆ ಮೈ ಕೊಡವಿದಳು. ಪಕ್ಕದಲ್ಲಿ ನಿಂತಿದ್ದ ಕಿಷ್ಟಪ್ಪನ ಅಂಗಿ ತೊಯ್ದಿತು. ಎಲ್ಲಪ್ಪನ ಮೀಸೆಯಿಂದ ನೀರು ತೊಟ್ಟಿಕ್ಕಿತು. ಪೆಂಟಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅಳುತ್ತಿದ್ದಳೋ ನಗುತ್ತಿದ್ದಳೋ, ಭುಜ ಮಾತ್ರ ಕುಲುಕುತ್ತಿದ್ದವು.

ಎಲ್ಲಪ್ಪ ಗುಡಿಯ ಕಡೆ ನೋಡಿದ, ಸೊಸೆಯನ್ನು ನೋಡಿದ. ಹೆಗಲ ಕಂಬಳಿ ತೆಗೆದು ಅವಳಿಗೆ ಹೊದಿಸಿದ.

"ಒಪ್ಯಾಳ," ಅಂದ, ಕಟ್ಟೆಯ ಮೇಲೆ ಕೂತ ಎಲ್ಲರಿಗೂ ಕೇಳುವಂತೆ. "ಟಗರು ಬಿಚ್ರಿ."

ಬಸ್ಸುಗಳ ಮೇಲೆ ತೆಲಂಗಾಣದ ಹೆಸರಿನ್ನೂ ಹೊಸತಾಗಿದ್ದ ವರ್ಷವದು. ಗಂಡ ಹೆಂಡತಿ ಗದ್ವಾಲಿಗೆ ಬಂದು ಹೈದರಾಬಾದಿನ ಬಸ್ಸು ಹತ್ತಿದಾಗ ಎಲ್ಲಪ್ಪನೂ ಕರೆಯದೆಯೇ ಹತ್ತಿದ.

ಆಸ್ಪತ್ರೆಯಲ್ಲಿ, ಆಪರೇಷನ್ ಆದ ಮೇಲೆಯೂ ವರ್ಷಕ್ಕೊಮ್ಮೆ ಪರೀಕ್ಷೆಗೆ ಬರುತ್ತೀಯಾ ಎಂದು ಡಾಕ್ಟರಮ್ಮ ಕೇಳುತ್ತಿದ್ದಾಗ, ಬಾಗಿಲಾಚೆಯಿಂದ ಮಾವನ ದನಿ ಕೇಳಿಸಿತು. ಯಾರೋ ಅಪರಿಚಿತನಿಗೆ ಹೇಳುತ್ತಿದ್ದ: "ಒಳಗ ಅದಾಳಲ್ಲ, ಅಕಿ ನಮ್ಮ ಸೊಸಿ. ಇಷ್ಟು ಓದಿದ ಡಾಕ್ಟರು ಇನ್ನ ಮ್ಯಾಲ ಅಕಿನ್ನ ನೋಡಿ ಕಲೀತಾರಂತ."

ಶೇಖಮ್ಮ ಸೆರಗು ಸರಿಮಾಡಿಕೊಂಡು, ಕುರ್ಚಿಯಲ್ಲಿ ನೆಟ್ಟಗೆ ಕೂತಳು.